ಪ್ರಶ್ನೆ ಮುಗಿಯುವ ಮೊದಲೇ ಉತ್ತರಿಸಿದ ಲಾರಿಗೆ

ಕಂಪ್ಲಿ, ೨೦೦೬ನೇ ಇಸವಿ ನವೆಂಬರ್ ೧೪. ಮೊನ್ನೆ ಭಾನುವಾರ ಹೊಸಪೇಟೆಯಲ್ಲಿ, ಸಂಡೂರು ರಸ್ತೆಯ ಪಕ್ಕದ ಕಲ್ಯಾಣಮಂಟಪವೊಂದರಲ್ಲಿ, ಸಾಮಾನ್ಯ ಜ್ಞಾನದ ಸ್ಪರ್ಧೆ ನಡೆಯಿತು. ಕಂಪ್ಲಿಯ ವಾಚನಾಲಯದ ತಂಡ ಕೊನೆಯ ಪ್ರಶ್ನೆಯಲ್ಲಿ ಸೋತಿತು.

ಆ ಮಧ್ಯಾಹ್ನ ಮಂಟಪದ ಕಿಟಕಿಯ ಕೆಳಗೆ ಅದಿರು ಹೊತ್ತು ನಿಂತಿದ್ದ ಮಾನ್ಯ ಲಾರಿಯವರೇ,

ತಮಗೂ, ತಮ್ಮ ಮುಂದೆ ಬಂದರಿನ ದಿಕ್ಕಿಗೂ ಹಿಂದೆ ಸಂಡೂರಿನ ಗುಡ್ಡಗಳ ದಿಕ್ಕಿಗೂ ಸಾಲುಗಟ್ಟಿ ನಿಂತಿರುವ ತಮ್ಮ ಅಪಾರ ಬಂಧುಬಳಗಕ್ಕೂ ವಿನಯಪೂರ್ವಕ ವಂದನೆಗಳು. ತಮ್ಮ ಟೈರುಗಳು ಕ್ಷೇಮವೆಂದೂ, ಹೊದ್ದ ಟಾರ್ಪಾಲು ಎಂದಿನಂತೆ ಅರ್ಧ ಮೈಗೆ ಮಾತ್ರ ಸಾಲುತ್ತಿದೆಯೆಂದೂ ನಂಬಿದ್ದೇನೆ. ತಮ್ಮ ನಂಬರ್ ಪ್ಲೇಟಿನ ಮೇಲೆ ಕೆಂಪು ಧೂಳು ದಪ್ಪವಾಗಿ ಕೂತಿದ್ದರಿಂದ ಹೆಸರು ಹಿಡಿದು ಬರೆಯುವ ಭಾಗ್ಯ ನನಗಿಲ್ಲ; ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆದು, ತಾವೆಲ್ಲ ಊಟಕ್ಕೆ ನಿಲ್ಲುವ ಢಾಬಾದ ಗೋಡೆಗೆ ಅಂಟಿಸಲು ಅನುಮತಿ ಪಡೆದಿದ್ದೇನೆ.

ತಾವು ಹೊರಗೆ ನಿಂತಿದ್ದಿರಿ, ಒಳಗಿನದು ತಮಗೆ ಕಾಣಿಸಿರಲಾರದು. ಸ್ಪರ್ಧೆಯನ್ನು ಏರ್ಪಡಿಸಿದ್ದು ಯಶವಂತನಗರದ ಗಣಿ ನೌಕರರ ಒಂದು ಕ್ಲಬ್ಬು. ಪ್ರಶ್ನೆ ಕೇಳುತ್ತಿದ್ದವರು ಅದರ ಕಾರ್ಯದರ್ಶಿ ಪಾಲಪ್ಪನವರು. ಮೂರನೆಯ ಮೇಜಿನಲ್ಲಿ ನಾವು ಮೂವರು: ಅಂಚೆ ಕಚೇರಿಯ ರೇಣುಕಾದೇವಿ, ಪ್ರಾಥಮಿಕ ಶಾಲೆಯ ಮಾಸ್ತರು ಓಬಳೇಶ, ಮತ್ತು ವಾಚನಾಲಯದ ಬೀಗ ತೆಗೆದು ಹಾಕುವ ನಾನು. ಬಹುಮಾನ ಒಂದು ಗಾಜಿನ ಕಪಾಟು, ಅದರ ತುಂಬ ಅನುವಾದಿತ ಕಾದಂಬರಿಗಳು. ಮೇಲಿನಿಂದ ಎರಡನೆಯ ಸಾಲಿನಲ್ಲಿ, ಎಡದಿಂದ ನಾಲ್ಕನೆಯದಾಗಿ, ನಮಗೆ ಬೇಕಾಗಿದ್ದ ಕಾದಂಬರಿಯೊಂದರ ಎರಡನೆಯ ಸಂಪುಟವಿತ್ತು.

ಮೊದಲ ಸಂಪುಟ ನಮ್ಮ ವಾಚನಾಲಯದಲ್ಲಿದೆ. ಹಿಮ ಬಿದ್ದು ದಾರಿ ಮುಚ್ಚಿದ ಊರಿನಲ್ಲಿ, ವಿಧವೆಯೊಬ್ಬಳು ದೀಪದ ಗಾಜು ಒರೆಸುತ್ತಿರುವಾಗ ಯಾರೋ ಬಾಗಿಲು ತಟ್ಟುತ್ತಾರೆ. ಸಂಪುಟ ಅಲ್ಲಿಗೆ ಮುಗಿಯುತ್ತದೆ. ರೇಣುಕಾದೇವಿ ಅದನ್ನು ಕಣ್ಣು ಮಬ್ಬಾದ ತಮ್ಮ ತಾಯಿ ಸುಂಕಲಮ್ಮನವರಿಗೆ ಓದಿ ಹೇಳಿದ್ದರು. ಅಂದಿನಿಂದ ಆ ಹಿರಿಯರು, ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಸದ್ದಿಗೇ, “ಯವ್ವಾ, ಬಾಗ್ಲಾ ಬಡದೋರು ಯಾರಂತ ಗೊತ್ತಾತೇನು?” ಎಂದು ಕೇಳುತ್ತಾರೆ. ಎಂಬತ್ತು ದಾಟಿದವರಿಗೆ “ಮುಂದಿನ ವರ್ಷ ಹೇಳ್ತೀನಿ” ಎನ್ನುವುದು ಸೌಜನ್ಯವಲ್ಲವೆಂದು ನಾವು ಸ್ಪರ್ಧೆಗೆ ಹೆಸರು ಕೊಟ್ಟೆವು.

ತಮ್ಮ ಪಾತ್ರ ಇಲ್ಲಿಂದ ಆರಂಭವಾಗುತ್ತದೆ. ಬೇರೆ ಊರುಗಳಲ್ಲಿ ಇಂಥ ಸ್ಪರ್ಧೆಗೆ ವಿದ್ಯುತ್ ಗಂಟೆ ಇಡುತ್ತಾರಂತೆ. ಕ್ಲಬ್ಬಿನವರು ತಮ್ಮ ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಲಾರಿ ಹಾರ್ನುಗಳನ್ನೇ ಬಿಚ್ಚಿ ತಂದು ಮೇಜಿಗೊಂದರಂತೆ ಕೂರಿಸಿದ್ದರು. ಹಾರ್ನ್ ಹೊಡೆದೊಡನೆ ಪ್ರಶ್ನೆ ಅಲ್ಲಿಗೇ ನಿಲ್ಲಬೇಕು, ಹೊಡೆದವರು ಉತ್ತರಿಸಬೇಕು, ತಪ್ಪಿದರೆ ಪೂರ್ತಿ ಪ್ರಶ್ನೆ ಬೇರೆ ಮೇಜಿಗೆ ಹೋಗಬೇಕು. ನಮ್ಮ ಮೇಜಿನ ಹಾರ್ನಿಗೂ ತಮ್ಮ ಕಂಠಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಒಂದೇ ಮನೆತನವಿರಬೇಕು.

ಆರಂಭ ಚೆನ್ನಾಗಿಯೇ ಇತ್ತು. ಮೆಣಸಿನಕಾಯಿ ಮೂಲತಃ ಯಾವ ಕಡೆಯದೆಂದು ಕೇಳಿದಾಗ ಓಬಳೇಶ ಮಾಸ್ತರು ದಕ್ಷಿಣ ಅಮೆರಿಕ ಎಂದರು. “ಏ ಮಾಸ್ತರ್ರ, ಮಿರ್ಚಿ ಬಜಿ ವಿಮಾನದಾಗ ಬಂತೇನ್ರಿ?” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರೂ ಅಂಕ ನಮಗೇ ಬಂತು. ಕನ್ನಡದ ಮೊದಲ ಮಾತಿನ ಚಿತ್ರ ತೆರೆಕಂಡ ವರ್ಷವನ್ನು ರೇಣುಕಾದೇವಿ ಹೇಳಿದರು. ಆಮೇಲೆ ಪಾಲಪ್ಪನವರು “ಪ್ಯಾರಿಸ್ಸಿನ ಐಫೆಲ್ ಗೋಪುರ…” ಎನ್ನುವಷ್ಟರಲ್ಲಿ ತಾವು ಹೊರಗಿನಿಂದ ಮೊದಲ ಬಾರಿ ಬಾಯಿ ತೆರೆದಿರಿ. ಎಲ್ಲರೂ ನಮ್ಮತ್ತ ತಿರುಗಿದರು. ಗಾಬರಿಯಲ್ಲಿ ನಾನು “ಕಬ್ಬಿಣ” ಎಂದೆ. ಅದು ಯಾವ ಲೋಹದ್ದೆಂಬುದೇ ಪ್ರಶ್ನೆಯಾಗಿತ್ತು; ಅಂಕ ನಮಗೆ ಬಂತು. ಹತ್ತಾರು ಟನ್ ಅದಿರು ಬೆನ್ನ ಮೇಲೆ ಹೊತ್ತವರಿಗೆ ಈ ವಿಷಯದಲ್ಲಿ ಆತುರವಾದದ್ದು ಸಹಜ. ಹಾರ್ನಿನ ಗುಂಡಿಯನ್ನು ನಾವು ಮುಟ್ಟಿರಲಿಲ್ಲವೆಂದು ಹೇಳಲು ನಾನು ಎದ್ದೆನಾದರೂ, ಓಬಳೇಶ ಮಾಸ್ತರು ಅಂಗಿಯ ತುದಿ ಹಿಡಿದೆಳೆದು, “ಸುಮ್ನ ಕುಂದರ್ರಿ, ಬಂದಿದ್ದು ಬರ್ಲಿ” ಎಂದರು. ಕೂತೆ.

ಕೊನೆಯ ಪ್ರಶ್ನೆಗೆ ಬರುವಾಗ ಕ್ಲಬ್ಬಿನ ಎಂಜಿನಿಯರುಗಳ ಮೊದಲ ಮೇಜೂ ನಾವೂ ಸಮವಾಗಿದ್ದೆವು. ಪಾಲಪ್ಪನವರು ಗಂಟಲು ಸರಿಮಾಡಿಕೊಂಡು, “ಹಂಪಿಯ ಕಲ್ಲಿನ ರಥದ ಮುಂದೆ…” ಎಂದರು. ತಾವು ಹಾರ್ನ್ ಹೊಡೆದಿರಿ, ಅದೂ ದೀರ್ಘವಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ. ರೇಣುಕಾದೇವಿ ತಮ್ಮ ಕೈಗಳು ಗುಂಡಿಯಿಂದ ದೂರ ಇವೆಯೆಂದು ತೋರಿಸಲು ಎರಡನ್ನೂ ಮೇಲೆತ್ತಿದರು. “ಕೈ ಎತ್ತೀರಂದ್ರ ಉತ್ತರ ಗೊತ್ತೈತಿ ಅಂತಾತು, ಹೇಳ್ರಿ ಮೇಡಂ” ಎಂದರು ಪಾಲಪ್ಪನವರು. ಅದು ಹೊರಗಿನ ಲಾರಿ ಎಂದು ಈಗ ನಾವು ಮೂವರೂ ಒಟ್ಟಿಗೇ ಹೇಳಿದೆವು. ಮೊದಲ ಮೇಜಿನಿಂದ ಮೆಲ್ಲಗೆ ಒಂದು ಮಾತು ಬಂತು: “ಐಫೆಲ್ ಟವರಿಗೆ ಹೊಡದಾಗ ಲಾರಿ ಅನ್ಲಿಲ್ಲಲ್ರಿ?” ಈ ಸ್ಪರ್ಧೆಯಲ್ಲಿ ನಮಗೆ ಉತ್ತರ ಗೊತ್ತಿರದಿದ್ದ ಪ್ರಶ್ನೆ ಇದೊಂದೇ.

ರಥದ ಮುಂದೆ ಆನೆಗಳಿವೆ. ರೇಣುಕಾದೇವಿ ಆನೆ ಎಂದರು. ಪೂರ್ತಿ ಪ್ರಶ್ನೆ ಹೀಗಿತ್ತು: ರಥದ ಮುಂದೆ ಈಗ ಆನೆಗಳಿವೆ, ಮೊದಲು ಯಾವ ಪ್ರಾಣಿಗಳಿದ್ದವು? ಕುದುರೆಗಳು. ಅವುಗಳ ಬಾಲ ಇಂದಿಗೂ ಆನೆಗಳ ಹಿಂದೆ ಉಳಿದಿದೆ. ನಮ್ಮ ಮೂವರ ಜೊತೆ ಹಂಪಿಗೆ ಹೋದ ನೆಂಟರಲ್ಲಿ ಆ ಬಾಲ ನೋಡದೆ ಹಿಂತಿರುಗಿದವರಿಲ್ಲ. ಎಂಜಿನಿಯರುಗಳು ಕುದುರೆ ಎಂದರು. ಕಪಾಟು ಕಂಪನಿ ಜೀಪಿನ ಹಿಂಬದಿ ಏರಿ ಯಶವಂತನಗರಕ್ಕೆ ಹೋಯಿತು.

ಲಾರಿಯವರೇ, ತಮ್ಮ ಜ್ಞಾನದ ಬಗ್ಗೆ ನನಗೆ ಗೌರವವಿದೆ. ಪ್ರಶ್ನೆ ಏನೆಂದು ತಿಳಿಯುವ ಮೊದಲೇ ಉತ್ತರ ಸಿದ್ಧವಿಟ್ಟುಕೊಳ್ಳುವ ಈ ಗುಣ ಇತ್ತೀಚೆಗೆ ನಮ್ಮ ಸೀಮೆಯ ದೊಡ್ಡ ಮನುಷ್ಯರಲ್ಲಿ ಮಾತ್ರ ಕಾಣುತ್ತಿದೆ. ಮುಂದಿನ ವರ್ಷ ತಾವು ನಮ್ಮ ತಂಡದ ನಾಲ್ಕನೆಯ ಸದಸ್ಯರಾಗಿ, ಹೊರೆಯನ್ನು ಬಾಗಿಲ ಹೊರಗಿಳಿಸಿ, ಒಳಗೇ ಬಂದು ಕೂರಬೇಕೆಂದು ಪ್ರಾರ್ಥನೆ. ಕುರ್ಚಿಯ ವ್ಯವಸ್ಥೆ ನಮ್ಮದು. ಅಲ್ಲಿಯವರೆಗೆ ಪೂರ್ಣವಿರಾಮ ಬಂದಲ್ಲಿ ಮಾತ್ರ ಹಾರ್ನ್ ಹೊಡೆಯುವ ಅಭ್ಯಾಸ ಮಾಡಿಕೊಳ್ಳಬಹುದೇ? ಜೊತೆಗೆ, ಇಷ್ಟೆಲ್ಲ ಮುಂಚಿತವಾಗಿ ತಿಳಿದಿರುವ ತಮಗೆ ಆ ವಿಧವೆಯ ಬಾಗಿಲು ತಟ್ಟಿದವರು ಯಾರೆಂದೂ ತಿಳಿದಿದ್ದರೆ, ಕಂಪ್ಲಿಯ ಕೋಟೆ ಹತ್ತಿರದ ಸುಂಕಲಮ್ಮನವರ ಮನೆಯ ಮುಂದೆ ಒಮ್ಮೆ ನಿಂತು ಹೇಳಿಹೋಗಬೇಕು. ಅವರಿಗೆ ಕಣ್ಣು ಮಬ್ಬು, ಕಿವಿ ಚುರುಕಾಗಿದೆ.

ಕ್ಲಬ್ಬಿನಲ್ಲಿ ಆ ಕಪಾಟನ್ನು ಕೇರಂ ಬೋರ್ಡಿನ ಪಕ್ಕ ಇಟ್ಟು ಬೀಗ ಹಾಕಿದ್ದಾರೆಂದು ತಿಳಿಯಿತು. ಪುಸ್ತಕ ಎರವಲು ಕೇಳುವುದು ನನ್ನ ಸ್ವಭಾವವಲ್ಲ, ಪರಿಚಯವಿಲ್ಲದವರ ಬಾಗಿಲಿಗೆ ಹೋಗುವುದಂತೂ ಅಲ್ಲವೇ ಅಲ್ಲ. ಆದರೂ ನಿನ್ನೆ ಸಂಜೆ ವಾಚನಾಲಯದಲ್ಲಿ ಮೂವರೂ ಕೂತು ತೀರ್ಮಾನಿಸಿದ್ದೇವೆ: ಬರುವ ಭಾನುವಾರ ಬಸ್ಸು ಹಿಡಿದು ಯಶವಂತನಗರಕ್ಕೆ ಹೋಗುವುದು, ನಮ್ಮ ಮೊದಲ ಸಂಪುಟವನ್ನು ಪಾಲಪ್ಪನವರ ಕೈಗಿತ್ತು ಎರಡನೆಯದನ್ನು ಕೇಳುವುದು. ಬಾಗಿಲು ತಟ್ಟುವವನು ನಾನೇ ಎಂದೂ ಗೊತ್ತಾಗಿದೆ. ಸುಂಕಲಮ್ಮನವರಿಗೆ ಇನ್ನೂ ಹೇಳಿಲ್ಲ.

ಸದಾ ರಸ್ತೆಯ ಅಂಚಿನಲ್ಲೇ ನಡೆಯುವ, ತಮ್ಮ ವಿಶ್ವಾಸಿ,
ರೇವಣಸಿದ್ದ
ವಾಚನಾಲಯ, ಕಂಪ್ಲಿ

ತಾ.ಕ.: ಸ್ಪರ್ಧೆ ಮುಗಿಸಿ ತಮ್ಮ ಪಕ್ಕದಲ್ಲಿ ಹಾದು ಬರುವಷ್ಟರಲ್ಲಿ ನನ್ನ ಬಿಳಿ ಅಂಗಿ ತಮ್ಮ ಬಣ್ಣಕ್ಕೆ ತಿರುಗಿತ್ತು, ತಂಡದ ಸಮವಸ್ತ್ರವೆಂದು ಭಾವಿಸಿ ಒಗೆಯದೆ ಇಟ್ಟಿದ್ದೇನೆ. ಭಾನುವಾರ ನಮ್ಮ ಬಸ್ಸು ತಮ್ಮ ಹಿಂದೆಯೇ ಸಿಕ್ಕಿಕೊಳ್ಳುವುದು ಖಚಿತ, ಅದರ ಚಾಲಕರು ಹಾರ್ನ್ ಹೊಡೆಯುವುದೂ ಖಚಿತ. ಅದು ಪ್ರಶ್ನೆ. ಉತ್ತರ ಗೊತ್ತಿದ್ದರೆ ಎಡಕ್ಕೆ ಸರಿಯಿರಿ.