ಬಂದ ಕಾರಣ: ಉಡುಗೊರೆ

ಕಿಹಿಯೊ ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಸಿಕ್ಕಿಬಿದ್ದ ಕೋಳಿಕಳ್ಳನ ಹಾಗೆ ನಿಂತು, ಗಂಟಲು ಹರಿಯುವಂತೆ ಕೂಗುತ್ತಿದ್ದ.

"ದೊಡ್ಡವರು ಯಾರಾದ್ರೂ ಬನ್ನಿ. ಇನ್ನೊಬ್ಬರು ದೊಡ್ಡವರು ಬೇಕು ಇಲ್ಲಿ."

ಅವನ ಕಾಲ ಬುಡದಲ್ಲಿ ಮ್ವನೈದಿ ಎಂಬ ಎರಡನೇ ತರಗತಿಯ ಹುಡುಗಿ ಮಣ್ಣಿನಲ್ಲಿ ಕೂತು ಅಳುತ್ತಿದ್ದಳು. ನಲ್ಲಿಯ ಕಟ್ಟೆಯಿಂದ ಜಾರಿ ಬಿದ್ದು ಒಂದು ಹಾಲುಹಲ್ಲು ಕಳಚಿತ್ತು. ಹಲ್ಲು ಅವಳ ಅಂಗೈಯಲ್ಲಿತ್ತು, ರಕ್ತ ಗಲ್ಲದ ಮೇಲಿತ್ತು, ಇನ್ನೊಂದು ಕೈ ಕಿಹಿಯೊನ ಪ್ಯಾಂಟನ್ನು ಬಿಗಿಯಾಗಿ ಹಿಡಿದಿತ್ತು. ಎತ್ತಿಕೊಳ್ಳಲೆಂದು ಅವನ ಬೆನ್ನು ತಾನಾಗಿಯೇ ಬಗ್ಗುತ್ತಿತ್ತು. ಆದರೆ ಜೇಬಿನಲ್ಲಿ ಒಂದು ಹಾಳೆ ಇತ್ತು: ಶಾಲೆಗೆ ನೆರವಾಗುವ ತಂದೆತಾಯಿಗಳ ನಡತೆಯ ನಿಯಮಗಳು. ಮೂರನೆಯದು, ಮಗುವಿನ ಜೊತೆ ಒಬ್ಬರೇ ಇರಕೂಡದು. ಐದನೆಯದು, ಪ್ರಥಮ ಚಿಕಿತ್ಸೆ ಕಲಿತವರ ಹೊರತು ಯಾರೂ ಮಗುವನ್ನು ಮುಟ್ಟಕೂಡದು. ಕಿಹಿಯೊ ಕಲಿತದ್ದು ಹೊಲಿಗೆ ಯಂತ್ರದ ರಿಪೇರಿ.

ಈ ನಿಯಮಗಳ ತರಬೇತಿಗೆ ಟಾಂಗಾ ಪಟ್ಟಣದ ಆ ಶಾಲೆಗೆ ಇಪ್ಪತ್ತಾರು ತಂದೆತಾಯಿಗಳು ಬಂದಿದ್ದರು. ಚಹಾ ಮತ್ತು ಮಂದಾಜಿ ಮುಗಿದ ಮೇಲೆ ಉಳಿದವನು ಕಿಹಿಯೊ ಒಬ್ಬನೇ. ಎಣ್ಣೆಯಲ್ಲಿ ಕರಿದದ್ದನ್ನು ತಿಂದು ಇಪ್ಪತ್ತೈದು ಜನ ಎದ್ದು ಹೋದರೂ ಅವನು ಹದಿನಾಲ್ಕು ನಿಯಮಗಳನ್ನೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಿದ್ದ.

ಅವನ ಕೂಗಿಗೆ ಓಡಿ ಬಂದದ್ದು ದೊಡ್ಡವರಲ್ಲ. ಈ ಪಾಟಿ ಕೂಗಿದರೆ ಹಾವೇ ಇರಬೇಕೆಂದು ಮೂರನೇ ತರಗತಿ ಇಡಿಯಾಗಿ ಹೊರಗೆ ನುಗ್ಗಿತು. ಮಧ್ಯಾಹ್ನದ ಊಟಕ್ಕೆ ಬೇಯಿಸಿ ಆರಲು ಇಳಿಸಿದ್ದ ಜೋಳ, ಕಾಳಿನ ಹಂಡೆ ಆ ದಾರಿಯಲ್ಲೇ ಇತ್ತು. ಹಂಡೆ ಒಮ್ಮೆ ಯೋಚಿಸಿದಂತೆ ಓಲಾಡಿ, ಮಗುಚಿಕೊಂಡಿತು.

ಹಂಡೆಯ ಹಿಂದೆ ಸೌಟು ಹಿಡಿದು ಬಂದವಳು ಮಮಾ ರೆಹೆಮಾ. ಅವಳೂ ನೆರವಿಗೆ ಬರುವ ತಾಯಿಯೇ, ಅಡುಗೆಮನೆಗೆ.

"ಮಗೂಗೆ ಏನ್ ಮಾಡ್ದೆ, ಬಾಬಾ ಜವಾದಿ?" ಎಂದು ಅವಳು ಕಿಹಿಯೊನನ್ನು ಕೇಳಿದಳು.

"ಏನೂ ಮಾಡ್ಲಿಲ್ಲ."

"ಅದು ಕಾಣ್ತಾ ಇದೆ. ಮಗು ರಕ್ತ ಸುರಿಸ್ತಾ ಇದ್ರೆ ಏನೂ ಮಾಡದೆ ನಿಂತಿದೀಯ. ಕೈ ಯಾಕೆ ಮೇಲೆ?"

"ಮುಟ್ಟಿಲ್ಲ ಅಂತ ಗೊತ್ತಾಗ್ಲಿ ಅಂತ."

"ತಪ್ಪು ಮಾಡದೋನು ಕೈ ಯಾಕಪ್ಪಾ ಎತ್ತುತಾನೆ?" ಎಂದು ಅವಳು ಮ್ವನೈದಿಯನ್ನು ಕುಂಬಳಕಾಯಿಯಂತೆ ಸೊಂಟಕ್ಕೇರಿಸಿಕೊಂಡು, ಸೆರಗಿನಿಂದ ಬಾಯಿ ಒರೆಸಿ, ಐದನೇ ನಿಯಮವನ್ನು ಮೂರು ಕಡೆ ಮುರಿದು, ನೇರ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನಡೆದಳು. ಕಿಹಿಯೊ ಕೈ ಇಳಿಸುವುದನ್ನು ಮರೆತು ಹಿಂದೆ ಹೋದ.

ಆ ಊರಿನಲ್ಲಿ ಮಗು ಹುಟ್ಟಿದ ದಿನವೇ ಅಪ್ಪನ ಹೆಸರು ಸಾಯುತ್ತದೆ. ಮಗಳು ಜವಾದಿ ಹುಟ್ಟಿದ ಮೇಲೆ ಅವನು ಎಲ್ಲರಿಗೂ ಬಾಬಾ ಜವಾದಿ, ಎಂದರೆ ಜವಾದಿಯ ಅಪ್ಪ. ಜವಾದಿ ಎಂಬ ಮಾತಿಗೆ ಅರ್ಥ ಉಡುಗೊರೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಮಗುವಿಗೆ ಬೇರೆ ಏನೆಂದು ಹೆಸರಿಡುತ್ತಾರೆ? ಈಗ ಅವಳಿಗೆ ಎಂಟು. ಮಾತು ತಡೆಯುತ್ತದೆ. ಕೆಲವು ಅಕ್ಷರಗಳು ತುಟಿಯ ಬಾಗಿಲಲ್ಲಿ ನಿಂತುಬಿಡುತ್ತವೆ. ಅದಕ್ಕೇ ಕಿಹಿಯೊ ಗುರುವಾರ ಅಂಗಡಿ ಮುಚ್ಚಿ ಬಂದು, ಮಕ್ಕಳಿಗೆ ಕತೆ ಓದಿ ಹೇಳಿ, ಅವರು ಓದುವಾಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅಪ್ಪ ಕಣ್ಣೆದುರಿಗಿದ್ದರೆ ಮಗಳಿಗೆ ಧೈರ್ಯ ಎಂದು ಅವನ ನಂಬಿಕೆ. ಆ ದಿನ ಎರಡು ಗಂಟೆಗೆ ಜವಾದಿ ಇಡೀ ತರಗತಿಯ ಮುಂದೆ ಎರಡು ಪುಟ ಓದಬೇಕಿತ್ತು. ಎರಡು ಗಂಟೆಗೆ ಆ ಬೆಂಚಿನಲ್ಲಿ ಇರಬೇಕು. ಕಿಹಿಯೊನಿಗೆ ಲೋಕದಲ್ಲಿ ಬೇಕಾಗಿದ್ದದ್ದು ಅಷ್ಟೇ.

ಮುಖ್ಯೋಪಾಧ್ಯಾಯಿನಿ ಟೆಕ್ಲಾ, ಎಲ್ಲರ ಬಾಯಲ್ಲಿ ಮ್ವಾಲಿಮು ಎಂದರೆ ಟೀಚರ್, ವರ್ಗವಾಗಿ ಬಂದು ಮೂರು ವಾರವಾಗಿತ್ತು. ಕಾಗದದ ಮೇಲೆ ಇಲ್ಲದ್ದು ಭೂಮಿಯ ಮೇಲೂ ಇಲ್ಲ ಎಂದು ತಿಳಿದ ಹೆಂಗಸು. ಅವಳು ಮಗುವನ್ನು ನೋಡಿದಳು, ಸೌಟನ್ನು ನೋಡಿದಳು, ಕಿಹಿಯೊನ ಕೈಗಳನ್ನು ನೋಡಿದಳು, ಆಮೇಲೆ ಕಾವಲುಗಾರ ಮ್ಜೇ ಕೊಂಬೊನಿಂದ, ಎಂದರೆ ಕೊಂಬೊ ಅಜ್ಜನಿಂದ, ಬಾಗಿಲ ಪುಸ್ತಕವನ್ನು ತರಿಸಿದಳು.

ಬಾಗಿಲ ಪುಸ್ತಕದಲ್ಲಿ ಎರಡು ಕಾಲಂ: ಹೆಸರು, ಬಂದ ಕಾರಣ. ಮುದುಕ ಕೊಂಬೊ ಬರವಣಿಗೆಯಲ್ಲಿ ಜಿಪುಣ. ಎರಡು ಮಾತಿನ ಹೆಸರು, ಎರಡು ಕಾಲಂ: 'ಬಾಬಾ' ಒಂದಕ್ಕೆ, 'ಜವಾದಿ' ಇನ್ನೊಂದಕ್ಕೆ ಎಂದು ಹಂಚಿಬಿಟ್ಟಿದ್ದ.

"ಹೆಸರು, ಬಾಬಾ. ಬಂದ ಕಾರಣ, ಉಡುಗೊರೆ," ಎಂದು ಟೆಕ್ಲಾ ಓದಿದಳು. "ಹನ್ನೊಂದು ಗುರುವಾರ, ಹನ್ನೊಂದು ಸಲ. ಒಂಬತ್ತನೇ ನಿಯಮ ಗೊತ್ತಾ ನಿಮಗೆ?"

"ಮಕ್ಕಳಿಗೆ ಉಡುಗೊರೆ ಕೊಡಕೂಡದು. ಮ್ವಾಲಿಮು, ಜವಾದಿ ನನ್ನ ಮಗಳು."

"ಇರಬಹುದು. ಪುಸ್ತಕ ಹಾಗೆ ಹೇಳಲ್ಲ."

"ಕೆಳಗಿನ ಸಾಲು ನೋಡಿ. ಮಮಾ ರೆಹೆಮಾ. ಮಗುವಿನ ಹೆಸರಿನ ಅರ್ಥ ಕರುಣೆ, ಬಂದ ಕಾರಣಾನೂ ಕರುಣೆ ಅಂತ ಇದೆ. ಅಡುಗೆಮನೆಗೆ ಕರುಣೆಗೋಸ್ಕರ ಬಂದ್ಳಾ? ಅದರ ಕೆಳಗೆ ಬಾಬಾ ಶಿದಾ. ಶಿದಾ ಅಂದ್ರೆ ತೊಂದರೆ, ಅಪ್ಪ ಬಂದಿದ್ದೂ ತೊಂದರೆಗೆ ಅಂತ ಇದೆ."

"ಕರುಣೆಗೆ ನಿಯಮದಲ್ಲಿ ಅಡ್ಡಿ ಇಲ್ಲ. ತೊಂದರೆ ಬಗ್ಗೆ ನಿಯಮವೇ ಇಲ್ಲ. ಉಡುಗೊರೆಗಿದೆ."

"ಹಾಗಾದ್ರೆ ತಿದ್ದಿಬಿಡಿ."

"ಪುಟಪುಟಕ್ಕೂ ಮೊಹರು ಇದೆ. ನೀವು ಹೇಳೋದು ನಂಗೆ ಅರ್ಥ ಆಗುತ್ತೆ. ಆದ್ರೆ ನಾಳೆ ಇನ್‌ಸ್ಪೆಕ್ಟರ್ ಪುಸ್ತಕ ಓದ್ತಾರೆ, ನಿಮ್ಮ ಮುಖ ಅಲ್ಲ."

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಮ್ಜೇ ಎನ್‌ಗೊಡಾ ಒಳಗೆ ಬಂದ. ಬರುವ ದಾರಿಯಲ್ಲಿ ಆರು ಮಕ್ಕಳ ಕೆನ್ನೆ ಹಿಂಡಿದ್ದ. ಒಂದು ಜೇಬಿನಿಂದ ಮಿಠಾಯಿ ತೆಗೆದು ಮ್ವನೈದಿಯ ಬಾಯಿಗಿಟ್ಟು, ಇನ್ನೊಂದರಿಂದ ಫೋನು ತೆಗೆದು, "ನಗು ತಾಯಿ, ಹಲ್ಲಿಲ್ಲದ ಬಾಯಿ ಚಂದ," ಎಂದು ಫೋಟೊ ಹಿಡಿದು, ಅಲ್ಲೇ ವಾಟ್ಸಾಪ್ ಗುಂಪಿಗೆ ಹಾಕಿದ.

ಕಿಹಿಯೊನ ಕಿವಿ ಬಿಸಿಯಾಯಿತು. "ಮ್ವಾಲಿಮು, ಆರನೇ ನಿಯಮ, ಫೋಟೊ. ಒಂಬತ್ತು, ಮಿಠಾಯಿ. ಹನ್ನೊಂದು, ವಾಟ್ಸಾಪ್. ನಿಮ್ಮ ಕಣ್ಣ ಮುಂದೆ. ಇವರ ಹೆಸರು ಬಾಗಿಲ ಪುಸ್ತಕದಲ್ಲೂ ಇಲ್ಲ."

"ಏ ಬಾಬಾ ಜವಾದಿ," ಎಂದು ಅಧ್ಯಕ್ಷ ಸಮಾಧಾನವಾಗಿ ಕೂತ. "ನಿಯಮ ಇರೋದು ನೆರವಿಗೆ ಬರೋರಿಗೆ. ನನ್ನಿಂದ ಇಲ್ಲೀವರೆಗೆ ಏನಾದ್ರೂ ನೆರವಾಗಿದೆಯಾ?"

ವಿಚಾರಣೆ ಮುಗಿಯುವವರೆಗೆ ಬಾಬಾ ಜವಾದಿ ಶಾಲೆಯ ಆವರಣದಲ್ಲಿ ಇರಕೂಡದು ಎಂದು ಟೆಕ್ಲಾ ಬರೆದು, ಮೊಹರು ಒತ್ತಿದಳು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಕಿಹಿಯೊ ಬೀದಿಗೆ ಬಿದ್ದ. ಆದರೆ ಜವಾದಿ ಓದುವ ಎರಡನೇ ತರಗತಿಯ ಕಿಟಕಿ ಬೇಲಿಯ ಕಡೆಗಿತ್ತು. ಒಂದು ಸಿಮೆಂಟು ಇಟ್ಟಿಗೆ ಹುಡುಕಿ, ಮೇಲೆ ಹತ್ತಿ, ಬೇಲಿಯ ಮೇಲಿಂದ ಕತ್ತು ಚಾಚಿದ. ಮಗಳು ತಲೆಯೆತ್ತಿದರೆ ಅಪ್ಪನ ಹಣೆಯಾದರೂ ಕಾಣಲಿ. ಕಂಡಿತು, ಮಮಾ ರೆಹೆಮಾಳಿಗೆ. ಅವಳು ಕಾಳು ಗುಡಿಸುತ್ತ ಆ ಕಡೆಗೇ ಬಂದಿದ್ದಳು.

"ಅಯ್ಯೋ, ಈಗ ಇಣುಕೋದಕ್ಕೂ ಶುರು ಮಾಡ್ದ."

ಮ್ಜೇ ಕೊಂಬೊ ಅವನ ರಟ್ಟೆ ಹಿಡಿದು ಬಾಗಿಲಿಗೆ ತಂದ. ಒಳಗೆ ಬಿಡುವ ಮೊದಲು ಪುಸ್ತಕ ಬಿಚ್ಚಿದ.

"ಹೆಸರು?"

"ಕಿಹಿಯೊ ಅಂತ ಬರೀರಿ. ಬರೀ ಕಿಹಿಯೊ."

"ಯಾರದು?"

"ನಾನು, ಮ್ಜೇ. ಹುಟ್ಟಿದಾಗ ನಂಗೂ ಒಂದು ಹೆಸರಿಟ್ಟಿದ್ರು."

ಕೊಂಬೊ ಸಂಶಯದಿಂದ ಬರೆದ. "ಬಂದ ಕಾರಣ?"

"ನೀವೇ ಹಿಡ್ಕೊಂಡು ಬಂದಿದೀರಲ್ಲ."

'ಹಿಡಿದದ್ದು' ಎಂದು ಕೊಂಬೊ ನಿಧಾನವಾಗಿ, ದುಂಡಗೆ ಬರೆದ. ಅವನು ಅಷ್ಟು ಸರಿಯಾಗಿ ಬರೆದದ್ದು ಆ ಪುಸ್ತಕದಲ್ಲಿ ಅದೇ ಮೊದಲು. ಒಳಗೆ ಎರಡರ ಗಂಟೆ ಹೊಡೆಯಿತು.

ಕೋಣೆಯಲ್ಲಿ ಟೆಕ್ಲಾ ಒಬ್ಬಳೇ ಇದ್ದಳು. ಕಿಹಿಯೊ ಕೂರಲಿಲ್ಲ. ಹೊಲಿಗೆ ಯಂತ್ರದ ಗ್ರಾಹಕರ ಮುಂದೆ ಹತ್ತು ವರ್ಷದಲ್ಲಿ ಏರಿಸದ ದನಿ ಏರಿತು.

"ನಿಯಮ ತಪ್ಪು ಅಂತ ನಾನು ಹೇಳ್ತಾ ಇಲ್ಲ ಮ್ವಾಲಿಮು. ಇರಬೇಕು. ನನ್ನ ಮಗಳೂ ಇದೇ ಶಾಲೇಲಿ ಇದಾಳೆ. ಅಪರಿಚಿತರು ಅವಳ ಕೆನ್ನೆ ಮುಟ್ಟೋದು ನಂಗೆ ಬೇಡ, ಫೋಟೊ ತೆಗೆಯೋದು ಬೇಡ. ಅದಕ್ಕೇ ಕೂತು ಬರ್ಕೊಂಡೆ. ಎತ್ಕೊಂಡೋಳು ಒಳ್ಳೇವಳು, ಮಿಠಾಯಿ ಕೊಟ್ಟೋನು ಅಧ್ಯಕ್ಷ, ಮುಟ್ಟದೆ ಕೈ ಮೇಲೆತ್ತಿ ನಿಂತೋನು ಕಳ್ಳ. ಓದ್ಕೊಂಡೋನಿಗೆ ಮಾತ್ರ ನಿಯಮ ಅಂದ್ರೆ, ಇನ್ಮೇಲೆ ಯಾರು ಓದ್ತಾರೆ ಹೇಳಿ?"

ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದ. ಟೆಕ್ಲಾ ಬಿಚ್ಚಿದಳು. ಹದಿನಾಲ್ಕು ನಿಯಮಗಳು, ತಾರೀಖಿನ ಸಮೇತ, ಅಡಿಗೆರೆ ಎಳೆದು. ಕೊನೆಯಲ್ಲಿ ತರಬೇತಿ ಕೊಟ್ಟವರ ಸಹಿಯನ್ನೂ ಹಾಕಿಸಿಕೊಂಡಿದ್ದ. ಅವಳ ಮುಖ ಮೆಲ್ಲಗೆ ಬದಲಾಯಿತು, ಕಳೆದುಹೋಗಿದ್ದ ಒಡಹುಟ್ಟಿದವನು ಮನೆಗೆ ಬಂದಂತೆ. ಮ್ವನೈದಿಯ ತಾಯಿಗೆ ಫೋನು ಹಚ್ಚಿದಳು. ಆ ತಾಯಿ ನಕ್ಕ ನಗೆ ಫೋನಿನಿಂದ ಹೊರಗೂ ಕೇಳಿಸಿತು. ಆ ಹಲ್ಲು ಒಂದು ವಾರದಿಂದ ಅಲ್ಲಾಡುತ್ತಿತ್ತಂತೆ, ಬಿದ್ದದ್ದೇ ಒಳ್ಳೆಯದಾಯಿತಂತೆ.

"ನಿಮ್ಮಿಂದ ತಪ್ಪಾಗಿಲ್ಲ," ಎಂದಳು ಟೆಕ್ಲಾ. "ನಮ್ಮಿಂದ ಆಗಿದೆ. ಬನ್ನಿ."

ಇಬ್ಬರೂ ಓಡಿದರು. ಬಾಗಿಲು ಮುಟ್ಟುವಷ್ಟರಲ್ಲಿ ಒಳಗೆ ಚಪ್ಪಾಳೆ ಕೇಳಿಸಿತು. ಮಕ್ಕಳು ಮರುಕಕ್ಕೂ ಚಪ್ಪಾಳೆ ತಟ್ಟುತ್ತಾರೆ, ಅದು ಕಿಹಿಯೊನಿಗೆ ಗೊತ್ತಿತ್ತು. ಒಳಗೆ ಅವನ ಬೆಂಚಿನಲ್ಲಿ ಅಧ್ಯಕ್ಷ ಎನ್‌ಗೊಡಾ ಗದ್ದವನ್ನು ಎದೆಗೆ ಒತ್ತಿ ಗೊರಕೆ ಹೊಡೆಯುತ್ತಿದ್ದ. ಮುಂದೆ ಜವಾದಿ ಪುಸ್ತಕ ಮುಚ್ಚುತ್ತಿದ್ದಳು.

"ಎರಡು ಪುಟಾನೂ ಓದಿದ್ಲು," ಎಂದರು ತರಗತಿಯ ಶಿಕ್ಷಕಿ. "ಒಂದು ಕಡೇನೂ ನಿಲ್ಲಲಿಲ್ಲ."

ಹನ್ನೊಂದು ಗುರುವಾರ ಎಲ್ಲಿಗೆ ಹೋದವು ಎಂದು ಕಿಹಿಯೊನಿಗೆ ಹೊಳೆಯಲಿಲ್ಲ. ಟೆಕ್ಲಾ ಮಾತ್ರ ತಪ್ಪನ್ನು ತಿದ್ದುವ ಉತ್ಸಾಹದಲ್ಲಿದ್ದಳು. ಅಲ್ಲೇ ಒಂದು ಹಾಳೆ ತೆಗೆದು, ಮಗುವಿನ ಮೇಜಿನ ಮೇಲಿಟ್ಟು ಬರೆದಳು.

"ಬರೀ ಗುರುವಾರ ಅಲ್ಲ, ಇನ್ಮೇಲೆ ದಿನಾ ಬನ್ನಿ. ಜವಾದಿ ಓದುವಾಗೆಲ್ಲ ಇದೇ ಕೋಣೇಲಿ ಕೂರಿ. ಯಾರೂ ತಡೆಯೋ ಹಾಗಿಲ್ಲ. ಮೊಹರು ಹಾಕಿ ಕೊಡ್ತೀನಿ."

ಕಿಹಿಯೊ ಹಾಳೆ ತೆಗೆದುಕೊಂಡ. ಬೆಳಗಿನಿಂದ ಅವನ ಪರವಾಗಿ ಬರೆದ ಮೊದಲ ಕಾಗದ. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ತೋರಿಸಿದ.

"ಕೇಳಿಸ್ತಾ ಕಂದಾ? ನಾನು ದಿನಾ ಬರಬಹುದಂತೆ."

ಜವಾದಿ ಹಾಳೆ ನೋಡಿದಳು, ಅಪ್ಪನ ಮುಖ ನೋಡಿದಳು.

"ನಾನು ಓದುವಾಗ ನೀನು ತುಟಿ ಆಡಿಸ್ತೀಯ ಬಾಬಾ. ನಾನು ಹೇಳೋಕೆ ಮುಂಚೆ ನಿನ್ನ ಬಾಯಿ ಹೇಳಿಬಿಡುತ್ತೆ. ಆಮೇಲೆ ನಂದು ಸಿಕ್ಕಿಹಾಕ್ಕೊಳ್ಳುತ್ತೆ. ಆ ತಾತ ನಿದ್ದೆ ಮಾಡ್ತಾ ಇದ್ರು, ಚೆನ್ನಾಗಿತ್ತು."

"ಹಾಗಾದ್ರೆ ನಾನು ತುಟಿ ಮುಚ್ಕೊಂಡು ಕೂರ್ತೀನಿ. ಹಿಂದೆ, ಮೂಲೇಲಿ."

"ಬೇಡ," ಎಂದಳು ಜವಾದಿ.