ಅಶ್ವತ್ಥನಾರಾಯಣ ಕಂಡ ಆಲ್ಪ್ಸ್

ಬಾಯಿ ಸುಮ್ಮನಿದ್ದಿದ್ದರೆ ಅಶ್ವತ್ಥನಾರಾಯಣನಿಗೆ ಈ ಗತಿ ಬರುತ್ತಿರಲಿಲ್ಲ. ಈಸ್ಟ್‌ಗೇಟ್ ಊರಿನ ಕನ್ನಡ ಕೂಟಕ್ಕೆ ಹೊಸ ಅಧ್ಯಕ್ಷರು ಬೇಕಾಗಿದ್ದರು. ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಅವನು, ಸ್ವಿಟ್ಜರ್ಲೆಂಡಿನ ರೋಟೆನ್‌ಮಾಟ್ ಎಂಬ ಪುಟ್ಟ ಊರನ್ನು ತಾನು ಅರೆದು ಕುಡಿದವನೆಂದು ಎಲ್ಲರೆದುರು ಹೇಳಿಕೊಂಡ. ಕಾರ್ಯದರ್ಶಿ ಅನಸೂಯಮ್ಮ ಬಿಟ್ಟಾರೆಯೇ? ಎಲ್ಲರೂ ಒಂದೊಂದು ಅಡಿಗೆ ತಂದು ಹಂಚಿ ಉಣ್ಣುವ ಶನಿವಾರದ ಪಾಟ್‌ಲಕ್ಕಿನಲ್ಲಿ ಆ ಊರಿನ ಚರಿತ್ರೆ, ಭೂಗೋಳ ಕುರಿತು ಅವನ ಭಾಷಣವೆಂದೂ, ಊಟವಾದ ಮೇಲೆ ಅಧ್ಯಕ್ಷರ ಆಯ್ಕೆಯೆಂದೂ ಸಾರಿಬಿಟ್ಟರು.

ಹೆಂಡತಿ ರುಕ್ಮಿಣಿಯೊಡನೆ ಅಲ್ಲಿಗೆ ಹೋದದ್ದೇನೋ ನಿಜ. ಆದರೆ ರಜೆ ಉಳಿಸಲೆಂದು ಅಲ್ಲಿದ್ದಷ್ಟು ದಿನವೂ ಹೋಟೆಲಿನ ಕೋಣೆಯಿಂದಲೇ ಆಫೀಸಿನ ಕೆಲಸ ಮಾಡಿದ್ದ. ಕಿಟಕಿಯಲ್ಲಿ ಕಂಡಿದ್ದು ಪಕ್ಕದ ಕಟ್ಟಡದ ಗೋಡೆ.

ಶನಿವಾರ ಬೆಳಗಿನಿಂದ ಇಂಟರ್ನೆಟ್ ಜಾಲಾಡಿದ. ಹಿಮನದಿ ಕೊರೆದ ಕಣಿವೆ, ಹೇಸರಗತ್ತೆಗಳು ಉಪ್ಪು ಹೊತ್ತು ದಾಟುತ್ತಿದ್ದ ಕಣಿವೆದಾರಿ, ಹಿಮಕುಸಿತಕ್ಕೆ ಸಿಕ್ಕಿಯೂ ಉಳಿದ ಚರ್ಚು, ಎಲ್ಲವನ್ನೂ ಪರೀಕ್ಷೆಯ ಹುಡುಗನಂತೆ ಉರುಹೊಡೆದ. ಸಂಜೆ ಸಭೆಯಲ್ಲಿ ಪಕ್ಕದ ಮನೆಯ ರಾಘವೇಂದ್ರ ಉಪಕಾರ ಮಾಡಲು ಬಂದು ಆ ಊರಿನ ಭೂಪಟವನ್ನು ಗೋಡೆಗೆ ತಲೆಕೆಳಗಾಗಿ ಅಂಟಿಸಿದ. ಭಾಷಣ ಮಾಡುತ್ತ ಅಶ್ವತ್ಥನಾರಾಯಣ ಭೂಪಟದ ಮೇಲೆ ಕೋಲು ಆಡಿಸಿದಂತೆಲ್ಲ ನದಿ ಏದುಸಿರು ಬಿಡುತ್ತ ಬೆಟ್ಟ ಹತ್ತಿತು. ಯಾರಿಗೂ ಗೊತ್ತಾಗಲಿಲ್ಲ, ಅರ್ಧ ಸಭೆ ತೂಕಡಿಸುತ್ತಿತ್ತು.

ಭಾಷಣ ಹದಿನೈದನೆಯ ಶತಮಾನಕ್ಕೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಪ್ರೇಮಮ್ಮ ಕೈ ಎತ್ತಿದರು.

"ಅದೆಲ್ಲ ಇರ್ಲಿ ಅಶ್ವತ್ಥ್ ಅವ್ರೆ, ಅಲ್ಲಿ ಊಟಕ್ಕೇನ್ ಮಾಡಿದ್ರಿ?"

ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಅಶ್ವತ್ಥನಾರಾಯಣ ಗಂಟಲು ಸರಿಮಾಡಿಕೊಂಡ.

"ಅಲ್ಲಿಯೋರ ಜೊತೆ ಕೂತು ಚೀಸು, ಬ್ರೆಡ್ಡು ತಿಂದ್ವಿ. ಒಂದೂರಿನ ಸಂಸ್ಕೃತಿ ತಿಳ್ಕೋಬೇಕಾದ್ರೆ ಅಷ್ಟಾದ್ರೂ ಮಾಡ್ಬೇಕು."

ರುಕ್ಮಿಣಿಗೆ ತಡೆಯಲಾಗಲಿಲ್ಲ. "ಯಾಕ್ರೀ ಸುಳ್ಳು? ಕರೆಂಟ್ ಒಲೆ ತಗೊಂಡ್ಹೋಗಿದ್ವಲ್ಲ. ಬಾತ್‌ರೂಮಲ್ಲಿ ಕೂತು ಸಾರಿಗೆ ಒಗ್ಗರಣೆ ಹಾಕಿದ್ದು ನೀವೇ ಅಲ್ವಾ?"

ಮುಂದಿನದನ್ನೂ ಅವಳೇ ಹೇಳಿದಳು. ಮೆಣಸಿನಕಾಯಿ ಘಾಟಿಗೆ ಹೋಟೆಲಿನ ಬೆಂಕಿ ಅಲಾರಂ ಬಡಿದುಕೊಂಡದ್ದು, ಇಡೀ ಹೋಟೆಲು ಟವೆಲು ಸುತ್ತಿಕೊಂಡು ಹಿಮದಲ್ಲಿ ನಿಂತದ್ದು, ಕೊಡಲಿ ಹಿಡಿದು ಬಂದ ಅಗ್ನಿಶಾಮಕದವನು ಸೀನಿದ್ದೇ ಸೀನಿದ್ದು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಲೆಗೆ ಯಾವ ಪ್ಲಗ್ಗು, ಅಕ್ಕಿ ಎಷ್ಟು ಒಯ್ಯಬೇಕು ಎಂದು ಪ್ರಶ್ನೆಗಳ ಸುರಿಮಳೆಯಾಯಿತು. ರೋಟೆನ್‌ಮಾಟ್ ಎಲ್ಲರಿಗೂ ಹಿಡಿಸಿತು.

ಊಟದವರೆಗೆ ಕಾಯುವುದೇಕೆಂದು ಅನಸೂಯಮ್ಮ ಶಾಲು ಹಿಡಿದು ಎದ್ದರು. "ಇಂಥ ಅನುಭವ ಇರೋರೇ ನಮ್ಮ ಕೂಟಕ್ಕೆ ಅಧ್ಯಕ್ಷರಾಗ್ಬೇಕು" ಎಂದರು.

ಅಶ್ವತ್ಥನಾರಾಯಣನ ಎದೆಯುಬ್ಬಿತು. ಅಂಗಿ ಸರಿಮಾಡಿಕೊಂಡು ತಲೆ ಬಾಗಿಸಿ ನಿಂತ. ಶಾಲು ಅವನ ಮೂಗಿನ ಮುಂದೆಯೇ ಹಾದು ಹೋಗಿ ರುಕ್ಮಿಣಿಯ ಹೆಗಲೇರಿತು.

ಹೊಸ ಅಧ್ಯಕ್ಷೆ ತಡಮಾಡಲಿಲ್ಲ. ಬೇಸಿಗೆಯಲ್ಲಿ ಕೂಟದವರೆಲ್ಲ ರೋಟೆನ್‌ಮಾಟಿಗೆ ಹೋಗುವುದೆಂದು ಅಲ್ಲೇ ಘೋಷಿಸಿದಳು.

"ಅಡಿಗೆ ಯೋಚ್ನೆ ಯಾರೂ ಮಾಡ್ಬೇಡಿ," ಎಂದಳು, ಗಂಡನ ಕಡೆ ತಿರುಗದೆಯೇ. "ಬಾತ್‌ರೂಮು ಇವರಿಗೆ ಚೆನ್ನಾಗಿ ಒಗ್ಗಿದೆ."