ಇಕ್ಕಳ ಕಂಡು ದೇವರಾದ ಹೋರಿಗಳು

ಮಕ್ಕಳನ್ನು ಹೇಗೆ ಸಾಕಬೇಕು ಅಂತ ನಮ್ಮ ಹಳ್ಳಿಯವರಿಗೆ ಹೇಳಿ, ಕೇಳಿಸಿಕೊಳ್ಳುತ್ತಾರೆ. ಹೆಂಡತಿ ಜೊತೆ ಹೇಗಿರಬೇಕು ಅಂತ ಹೇಳಿ, ತಲೆ ತಗ್ಗಿಸಿಕೊಂಡಾದರೂ ಕೂತಿರುತ್ತಾರೆ. ದನ ಹೇಗೆ ಸಾಕಬೇಕು ಅಂತ ಮಾತ್ರ ಬಾಯಿ ಬಿಟ್ಟಿರೋ, ಕೆಟ್ಟಿರಿ. ಮಹಾರಾಜರ ಕಾಲದಲ್ಲಿ ನನಗೆ ಸಂಬಳ ಬರುತ್ತಿದ್ದದ್ದೇ ಹಾಗೆ ಬಾಯಿ ಬಿಡುವುದಕ್ಕೆ. ಹುಣಸೂರಿನಲ್ಲಿ ಮನೆ ಮಾಡಿಕೊಂಡು, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತುವ ದನದ ಇನ್ಸ್‌ಪೆಕ್ಟರು ನಾನು. ದಿನಾ ಒಂದಲ್ಲ ಒಂದು ಫಜೀತಿ. ಅದರಲ್ಲೂ ಕಂಪಲಾಪುರದ ಆಚೆಗೆ ಒಂದು ಊರಿತ್ತು. ಹೆಸರು ಬೇಡ, ಅವರ ಮೊಮ್ಮಕ್ಕಳು ಈಗಲೂ ಸಂತೆಯಲ್ಲಿ ಎದುರು ಸಿಗುತ್ತಾರೆ.

ಗಾಳಿ ಆಡುವ ಕೊಟ್ಟಿಗೆ

ಮೊದಲ ದಿನ ಅರಳಿಕಟ್ಟೆ ಮೇಲೆ ನಿಂತು ಭಾಷಣ ಬಿಗಿದೆ. ಕೊಟ್ಟಿಗೆಗೆ ಗಾಳಿ ಬೆಳಕು ಬರಬೇಕು, ಗಂಜಲ ಹರಿದು ಹೋಗಬೇಕು, ತಿಪ್ಪೆ ಬಾಗಿಲಲ್ಲಿರಬಾರದು, ಸೊಪ್ಪೆ ಒಣಗಿಸಿ ಮೆದೆ ಹಾಕಬೇಕು. ಗಂಟಲು ಹರಿಯುವವರೆಗೂ ಹೇಳಿದೆ. ಜನ ಬಹಳ ಭಕ್ತಿಯಿಂದ ಕೇಳುತ್ತಿದ್ದರು. ನನಗೋ ಒಳಗೊಳಗೇ ಜಂಬ.

ಮುಂದೆ ಕೂತಿದ್ದವರು ಊರ ಪಟೇಲರು. ಮೀಸೆ ಒರೆಸಿಕೊಂಡು ಕೇಳಿದರು. "ಬುದ್ದಿ, ತಮ್ಮ ಕೊಟ್ಟಿಗೇಲಿ ಎಷ್ಟು ದನ ಅವೆ?"

"ನಮ್ಮ ಮನೆಯಲ್ಲಿ ದನ ಇಲ್ಲ ಪಟೇಲರೇ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಅಂಗಾರೆ ತಮ್ಮ ಕೊಟ್ಟಿಗೇಲಿ ಗಾಳಿ ಚೆಂದಾಗಿ ಆಡ್ತದೆ ಬುಡಿ," ಅಂದರು ಪಟೇಲರು.

ಅತ್ತೆಯ ತೀರ್ಮಾನ

ಮೈಸೂರಿನಲ್ಲಿದ್ದ ನಮ್ಮ ಸಾಹೇಬರ ಕಣ್ಣು ಆ ಊರಿನ ಮೇಲೆ ಬಿದ್ದಿತ್ತು. ಊರಿಗೊಂದು ಒಳ್ಳೆಯ ಹಳ್ಳಿಕಾರ್ ತಳಿಯ ಹೋರಿ ಕೊಡಿಸುತ್ತೇನೆ ಅಂದಿದ್ದರು. ಕರಾರು ಒಂದೇ: ಊರಲ್ಲಿ ಅಡ್ಡಾಡುವ ಬಡಕಲು ಹೋರಿಗಳನ್ನೆಲ್ಲ ಮೊದಲು ಬೀಜ ಒಡೆದು ಎತ್ತು ಮಾಡಬೇಕು. ಅದೂ ಸರಿಯೇ. ಹುಲಿಯಂಥ ಹೋರಿ ತಂದು ಕಟ್ಟಿದರೇನು ಬಂತು, ಅದು ಮೈಮುರಿದು ಏಳುವುದರೊಳಗೆ ಈ ಬಡಕಲು ಅಳಿಯಂದಿರು ಕೆಲಸ ಮುಗಿಸಿರುತ್ತಾರೆ. ಹುಟ್ಟುವ ಕರುಗಳೆಲ್ಲ ಮೇಕೆ ಗಾತ್ರ.

"ರಾಗಿ ಕುಯ್ಲಿಗೆ ನಾನೇ ಬಂದು ನೋಡ್ತೀನಿ. ಆಗಿಲ್ಲ ಅಂದರೆ ನೀವು ಅಂತರಸಂತೆಗೆ ಹೊರಡಿ," ಅಂದರು ಸಾಹೇಬರು.

ಹೆಗ್ಗಡದೇವನಕೋಟೆ ಕಡೆಯ ಅಂತರಸಂತೆ ಅಂದರೆ ಆಗ ಕಾಡಂಚು, ಚಳಿಜ್ವರದ ತವರು. ನನಗೆ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಸುದ್ದಿ ಹೇಗೆ ಮುಟ್ಟಿತೋ, ಕೃಷ್ಣರಾಜನಗರದಿಂದ ನಮ್ಮ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದೇಬಿಟ್ಟರು.

"ನೋಡಿ ಅಳಿಯಂದಿರೇ, ನನ್ನ ಮಗಳನ್ನ ನಿಮಗೆ ಕೊಟ್ಟಿದ್ದೀನಿ, ಚಳಿಜ್ವರಕ್ಕೆ ಕೊಟ್ಟಿಲ್ಲ. ವರ್ಗ ಆದರೆ ನೀವು ಸುಖವಾಗಿ ಹೋಗಿಬನ್ನಿ. ಅವಳು ನನ್ನ ಜೊತೆ ಬರ್ತಾಳೆ."

ನೀನಾದರೂ ಒಂದು ಮಾತು ಆಡೇ ಅಂತ ಹೆಂಡತಿಯ ಕಡೆ ತಿರುಗಿದೆ. ಅವಳು ಟ್ರಂಕಿನ ಮೇಲಿನ ಧೂಳು ಒರೆಸುತ್ತಿದ್ದಳು. ನನಗೆ ಚಳಿ ಶುರುವಾದದ್ದು ಅಲ್ಲೇ, ಅಂತರಸಂತೆ ನೋಡುವುದಕ್ಕೆ ಮೊದಲೇ.

ಇಕ್ಕಳ

ಬೀಜ ಒಡೆಯಲು ಆಗ ಹೊಸದಾಗಿ ಒಂದು ದೊಡ್ಡ ಕಬ್ಬಿಣದ ಇಕ್ಕಳ ಬಂದಿತ್ತು. ಕಲ್ಲಿನಿಂದ ಜಜ್ಜುವ ಹಳೇ ಪದ್ಧತಿ ಬೇಡ, ರಕ್ತ ಇಲ್ಲ, ಗಾಯ ಇಲ್ಲ, ಹುಳ ಬೀಳುವ ಭಯ ಇಲ್ಲ. ಚರ್ಮದ ಒಳಗಿನ ನರ ಮಾತ್ರ ನಜ್ಜಾಗುತ್ತದೆ. ಇದನ್ನೆಲ್ಲ ವಿವರಿಸಿ, ನೋಡಿ ಹೀಗೆ ಅಂತ ಗಾಳಿಯಲ್ಲೇ ಒಮ್ಮೆ ಅದುಮಿದೆ. 'ಟಕ್' ಅಂತು.

ಕಟ್ಟೆಯ ಸುತ್ತ ಕಾಲು ಚಾಚಿ ಕೂತಿದ್ದ ಗಂಡಸರೆಲ್ಲ ಒಂದೇ ಸಲಕ್ಕೆ ಕಾಲು ಮಡಚಿಕೊಂಡರು. ಪಟೇಲರಂತೂ ಟವೆಲ್ಲು ತೆಗೆದು ತೊಡೆಯ ಮೇಲೆ ಹಾಸಿಕೊಂಡರು.

ಹಿಂದೆ ಹೆಂಗಸರ ಗುಂಪಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತಳು. ಊರಿನ ಸೂಲಗಿತ್ತಿ, ಬಾಯಿ ಅಂದರೆ ಬೊಂಬಾಯಿ. "ನಾನು ಒಂಬತ್ತು ಮಕ್ಕಳ ಎತ್ತ ಮ್ಯಾಲೆ ಬಂದ್ರಲ್ಲ ಬುದ್ದಿ! ಈ ಇಕ್ಕಳಾವ ಮೊದಲೇ ತರಕ್ಕೇನಾಗಿತ್ತು?" ಅಂದಳು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜಿಯ ಗಂಡ ಕಟ್ಟೆಯಿಂದಿಳಿದು ಹೊಲದ ಕಡೆ ಹೋದವನು ನಾನು ಊರು ಬಿಡುವವರೆಗೂ ವಾಪಸು ಬರಲಿಲ್ಲ.

ಬೆಳಗಾಗುವುದರೊಳಗೆ ಬಸವ

ಮುಂದಿನ ವಾರ ಇಕ್ಕಳ ಹೊತ್ತು ಹೋದೆ. ಊರ ಬಾಗಿಲಲ್ಲೇ ನಿಂತುಬಿಟ್ಟೆ. ಒಂದೊಂದು ಬಡಕಲು ಹೋರಿಯ ಹಣೆಗೂ ಅರಿಶಿನ ಕುಂಕುಮ, ಕೊರಳಿಗೆ ಗಂಟೆ, ಕೊಂಬಿಗೆ ಚೆಂಡುಹೂವು!

"ಏನಿದು ಪಟೇಲರೇ?"

"ದೇವರಿಗೆ ಬುಟ್ಟೀವಿ ಬುದ್ದಿ. ಎಲ್ಲ ಬಸವ ಕಣ್ರೀ ಈಗ. ದೇವರ ಬಸವನ ಮೈ ಮುಟ್ಟಂಗಿಲ್ಲ. ಅದರಲ್ಲೂ ಆ ಇಕ್ಕಳ, ಅಯ್ಯಯ್ಯೋ!" ಪಟೇಲರು ಕೆನ್ನೆ ಬಡಿದುಕೊಂಡರು. ಮಾರಮ್ಮನ ಗುಡಿಯ ಪೂಜಾರಿಯೂ ಹೌದೌದು ಅಂದ. ಪಟೇಲರ ಕಂದು ಹೋರಿ ಮಾರಮ್ಮನದಂತೆ, ಅದರ ಪಕ್ಕದ್ದು ಬೀರೇದೇವರದಂತೆ, ಇನ್ನೊಂದು ಬಸವಣ್ಣನದಂತೆ. ಮೂಲೆಯಲ್ಲಿ ಒಂದು ಕಣ್ಣು ಕುರುಡಾದ, ಪಕ್ಕೆಲುಬು ಎಣಿಸಬಹುದಾದ ಹೋರಿಯೊಂದು ನಿಂತಿತ್ತು.

"ಅದು ಯಾವ ದೇವರದ್ದು?"

ಪಟೇಲರು ತಲೆ ಕೆರೆದರು. "ಅದ್ನ ಇನ್ನೂ ಯಾವ ದೇವ್ರೂ ಒಪ್ಕಂಡಿಲ್ಲ ಬುದ್ದಿ. ಕೇಳ್ತಾ ಇದೀವಿ."

ನಾನು ಜಗಳವಾಡಲಿಲ್ಲ. ಗುಡಿಯ ಮುಂದೆ ಹೋಗಿ ಕಾಯಿ ಒಡೆದು, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. "ಸರಿಯಪ್ಪಾ, ಬಸವ ಅಂದಮೇಲೆ ಬಸವ. ಹಗ್ಗ ಹಾಕಬಾರದು, ನೇಗಿಲಿಗೆ ಕಟ್ಟಬಾರದು, ಯಾರ ಹೊಲಕ್ಕೆ ಬಾಯಿ ಹಾಕಿದರೂ ಕೋಲೆತ್ತಬಾರದು. ಅಲ್ಲವೇ ಪೂಜಾರಪ್ಪ?"

"ಕೋಲೆತ್ತಿದರೆ ಅಮ್ಮ ಸುಮ್ಕೆ ಬುಟ್ಟಾಳೇ?" ಅಂದ ಪೂಜಾರಿ. ಊರೆಲ್ಲ ತಲೆಯಾಡಿಸಿತು.

ಅವರ ಕೈಯಿಂದಲೇ ಹಗ್ಗ ಬಿಚ್ಚಿಸಿ ಸೈಕಲ್ ಹತ್ತಿದೆ.

ದಯಮಾಡಿಸು ತಂದೆ

ರಾಗಿ ತೆನೆ ಕಟ್ಟುವ ಕಾಲಕ್ಕೆ ಮತ್ತೆ ಹೋದೆ. ಬಡಕಲು ಹೋರಿಗಳು ಗುರುತು ಸಿಗದಂತೆ ಮೈ ತುಂಬಿಕೊಂಡಿದ್ದವು. ಅವರೆ ಸಾಲು ಮುಗಿಸಿ ರಾಗಿಗೆ ಕೈ ಹಾಕಿದ್ದವು. ಹೊಗೆಸೊಪ್ಪಿನ ಹೊಲ ಒಂದನ್ನು ಮಾತ್ರ ಮೂಸಿ ಬಿಟ್ಟಿದ್ದವು. ನಾನು ಎಷ್ಟು ಹೇಳಿದರೂ ಮೇವು ಹಾಕದ ಜನ, ಈಗ ಊರಿನ ಬೆಳೆಯನ್ನೇ ಮೇವಾಗಿ ಹಾಕಿ ತೋರಿಸಿದ್ದರು.

ಪಟೇಲರ ಹೊಲದಲ್ಲಿ ಅವರದೇ ಕಂದು ಹೋರಿ ತೆನೆ ತಿನ್ನುತ್ತಿತ್ತು. ಪಟೇಲರು ಅದರ ಹಿಂದೆ ಕೈ ಮುಗಿದುಕೊಂಡು ಓಡಾಡುತ್ತಿದ್ದರು. "ನನ್ನಪ್ಪ, ನನ್ನ ಸ್ವಾಮಿ, ಇಲ್ಲಿ ಸಾಕು ಕಣಪ್ಪ. ಆ ಪಕ್ಕದ ಹೊಲಕ್ಕೆ ದಯಮಾಡಿಸು ತಂದೆ."

ಬದುವಿನ ಆಚೆ ಪಕ್ಕದ ಹೊಲದವನೂ ಕೈ ಮುಗಿದು ನಿಂತಿದ್ದ. "ಬ್ಯಾಡ ಕಣ್ ತಂದೆ, ಪಟೇಲ್ರು ಭಕ್ತಿವಂತ್ರು. ಅಲ್ಲೇ ಇರು."

ಅಪ್ಪಣೆ

ಕಡೆಗೆ ಪಟೇಲರೇ ನಮ್ಮ ಮನೆ ಬಾಗಿಲಿಗೆ ಬಂದರು. "ತಪ್ಪಾಯ್ತು ಬುದ್ದಿ. ಇಕ್ಕಳ ತಗಂಡು ಬನ್ನಿ."

ನಾನು ತಯಾರೇ. ಆದರೆ ಪೂಜಾರಿ ಅಡ್ಡ ಬಂದ. "ದೇವರಿಗೆ ಬುಟ್ಟದ್ದು ದೇವರನ್ನೇ ಕೇಳ್ಬೇಕು. ಹೂ ಪ್ರಸಾದ ಆಗ್ಲಿ. ಬಲಗಡೆ ಬಿದ್ರೆ ಅಪ್ಪಣೆ, ಎಡಗಡೆ ಬಿದ್ರೆ ಇಲ್ಲ."

ಹೂ ಕೇಳುವ ದಿನವೇ ಸಾಹೇಬರ ಮೋಟಾರೂ ಬಂತು. ಮಾರಮ್ಮನ ನೆತ್ತಿಯ ಮೇಲೆ ಸೇವಂತಿಗೆ ಇಟ್ಟು ಊರವರೆಲ್ಲ ಕೈ ಮುಗಿದು ನಿಂತರು. ಹೂವು ಅಲ್ಲಾಡಲಿಲ್ಲ. ಬಿಸಿಲೇರಿತು. ಪೂಜಾರಿ ಗಂಟೆ ಬಾರಿಸಿ ಸೋತ. ಸಾಹೇಬರು ಗಡಿಯಾರ ನೋಡಿಕೊಂಡು, "ಅಂತರಸಂತೆಯಲ್ಲಿ ಹಾಲು ಚೆನ್ನಾಗಿ ಸಿಗುತ್ತದಂತೆ ಕಣ್ರೀ," ಅಂದರು. ಹಿಂದಿನ ರಾತ್ರಿಯೇ ನಮ್ಮ ಅತ್ತೆ ಟ್ರಂಕಿಗೆ ಬೀಗ ಹಾಕಿಸಿದ್ದರು. ನಾನು ಜೀವಮಾನದಲ್ಲಿ ಅಷ್ಟು ಭಕ್ತಿಯಿಂದ ಯಾವ ದೇವರನ್ನೂ ಬೇಡಿಕೊಂಡವನಲ್ಲ. ಅಮ್ಮಾ ತಾಯಿ, ನನ್ನ ಸಂಸಾರ ಉಳಿಸೇ ಅಂತ ಕಣ್ಣು ಮುಚ್ಚಿದೆ.

ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಪಟೇಲರ ಕಂದು ಹೋರಿ ಗುಡಿಗೆ ನುಗ್ಗಿತು. ದೇವರ ಬಸವ, ತಡೆಯುವವರು ಯಾರು? ನೇರ ಹೋಗಿ ಅಮ್ಮನ ನೆತ್ತಿಯ ಹೂವಿಗೆ ನಾಲಿಗೆ ಹಾಕಿ ಎಳೆದುಕೊಂಡಿತು. ಆಮೇಲೆ ನಮ್ಮ ಕಡೆ ತಿರುಗಿ ನಿಂತು ಅಗಿಯತೊಡಗಿತು.

ಪೂಜಾರಿ ಬೆಪ್ಪಾಗಿ, "ಹೂ ಬಲಗಡೀಕೂ ಬೀಳ್ನಿಲ್ಲ, ಎಡಗಡೀಕೂ ಬೀಳ್ನಿಲ್ಲ. ಈಗೇನ್ ಮಾಡದು?" ಅಂದ.

ಸೂಲಗಿತ್ತಿ ಅಜ್ಜಿ ಮುಂದೆ ಬಂದಳು. ಹೋರಿಯ ಎದುರಿಗೆ ಸೊಂಟ ಬಗ್ಗಿಸಿ ನಿಂತು, ಅದರ ಬಾಯನ್ನೇ ನೋಡಿದಳು. ತನ್ನ ಬಲಗೈಯನ್ನು ಮೇಲಕ್ಕೆತ್ತಿ ಕೂಗಿದಳು. "ಬಲದವಡೇಲಿ ಅಗೀತಾ ಅದೆ ಕಣ್ರಪ್ಪೋ! ಅಮ್ಮ ಅಪ್ಪಣೆ ಕೊಟ್ಲು!"

ಊರೆಲ್ಲ ಹೋ ಅಂತು. ತಮಟೆ ಹೊಡೆದರು. ಪಟೇಲರು ಹಗ್ಗ ತಂದರು. ತನ್ನ ಮೇಲೆ ತಾನೇ ಅಪ್ಪಣೆ ಕೊಟ್ಟುಕೊಂಡ ಹೋರಿ, ಹೂವು ಅಗಿಯುತ್ತಲೇ ನನ್ನ ಇಕ್ಕಳದ ಹತ್ತಿರ ನಡೆದು ಬಂತು. ಸಾಹೇಬರು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಮೋಟಾರಿನ ಹಿಂದಕ್ಕೆ ಹೋದರು, ನಗುವುದಕ್ಕೆ. ಅಂತರಸಂತೆ ಅಲ್ಲಿಗೇ ತಪ್ಪಿತು.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಹೆಂಡತಿ ಟ್ರಂಕಿನ ಬೀಗ ತೆಗೆದು ನಗುತ್ತಾ ಸೀರೆಗಳನ್ನು ಗೂಡಿಗೆ ಜೋಡಿಸಿದಳು. ಅತ್ತೆಗೆ ಮಾತ್ರ ಏನೋ ಅನುಮಾನ.

"ಅಲ್ಲ ಅಳಿಯಂದಿರೇ, ಆ ಅಜ್ಜಿ ಹೋರಿಗೆ ಎದುರಾಗಿ ನಿಂತಿದ್ದಳು ಅಂದಿರಿ. ಅವಳ ಬಲಗೈ ಅಂದರೆ ಹೋರಿಗೆ ಎಡಗಡೆ ಆಗಲಿಲ್ಲವೇ?"

"ಅತ್ತೆಮ್ಮ," ಅಂದೆ, "ಸೀರೆ ಎಲ್ಲಾ ಟ್ರಂಕಿನಿಂದ ಆಚೆ ಬಂದ ಮೇಲೆ ಇಂಥ ಮಾತು ಕೇಳಬಾರದು."